ಊರಲ್ಲಿ ಓಡಿಸಿ ಅಭ್ಯಾಸ ಇದೆ, ಆದ್ರೆ ಬೆಂಗಳೂರು ಟ್ರಾಫಿಕ್‌ನಲ್ಲಿ ಬೈಕ್ ಓಡಿಸೋಕೆ ಭಯ ಆಗ್ತಿದೆ, ಹೇಗೆ ಸುಧಾರಿಸ್ಕೊಳ್ಳೋದು?

ಸಿಆರ್‌ಪಟ್ಟಣ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರು ಚನ್ನರಾಯಪಟ್ಟಣದ ಹತ್ರ, ಬೆಂಗಳೂರಿಗೆ ಬಂದು ಮೂರು ತಿಂಗಳಾಯ್ತು, ಹೋದ ತಿಂಗಳು 125 ಸಿಸಿ ಬೈಕ್ ತಗೊಂಡೆ. ಡಿಎಲ್ ಇದೆ, ಆರ್‌ಟಿಓದಲ್ಲಿ ಸರಿಯಾಗೇ ಎಂಟು ಹಾಕಿ ಪಾಸಾಗಿದ್ದು. ಊರಲ್ಲಿ ಅಪ್ಪನ ಗಾಡಿ ಓಡಿಸ್ತಿದ್ದೆ ಆದ್ರೆ ಅದು ತೋಟಕ್ಕೆ ಹೋಗೋದು, ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರೋದು, ಅಷ್ಟೇ. ಈಗ ರೂಮ್ ನಾಗರಭಾವಿ, ಕೆಲಸ ಬನ್ನೇರುಘಟ್ಟ ರೋಡ್, ನಾಯಂಡಹಳ್ಳಿ ಕತ್ರಿಗುಪ್ಪೆ ಬನಶಂಕರಿ ಜೆಪಿ ನಗರ ಹಿಂಗೆ ರಿಂಗ್ ರೋಡಲ್ಲೇ ದಿನಾ ಹೋಗಿ ಬರ್ಬೇಕು.

ಮೊನ್ನೆ ಮಂಗಳವಾರ ಏನಾಯ್ತು ಅಂದ್ರೆ ಮುಂದೆ ಒಂದು ಬಸ್ ನಿಧಾನಕ್ಕೆ ಹೋಗ್ತಿತ್ತು, ಅದಕ್ಕೂ ಫುಟ್‌ಪಾತಿಗೂ ಮಧ್ಯೆ ಒಳ್ಳೆ ಜಾಗ ಇತ್ತು, ಹಿಂದುಗಡೆಯವರು ಹಾರ್ನ್ ಮೇಲೆ ಹಾರ್ನ್, ಸರಿ ಅಂತ ಎಡಗಡೆಯಿಂದ ನುಗ್ಗಿದೆ. ಅರ್ಧ ಬಸ್ ದಾಟಿರ್ಲಿಲ್ಲ, ಬಸ್ಸು ಸ್ಟಾಪಿಗೆ ಅಂತ ಎಡಕ್ಕೆ ಬರೋಕೆ ಶುರುವಾಯ್ತು. ಬಲಗಡೆ ಮಿರರ್ ಬಸ್ಸಿನ ಮೈಗೆ ಉಜ್ಜಿ ಒಳಕ್ಕೆ ತಿರುಗಿಬಿಡ್ತು, ಎಡಗಾಲು ಫುಟ್‌ಪಾತ್ ಕಲ್ಲಿಗೆ ಒತ್ತಿಕೊಳ್ತು, ಸ್ಟಾಪಲ್ಲಿ ನಿಂತಿದ್ದ ಒಬ್ಬರು ಕೂಗಿ ಬಸ್ ನಿಲ್ಲಿಸಿದ್ರು. ಕಣಕಾಲು ತರಚಿದ್ದು ಬಿಟ್ರೆ ಏನೂ ಆಗ್ಲಿಲ್ಲ. ಆದ್ರೆ ಆವತ್ತಿಂದ ಗಾಡಿ ಸ್ಟಾರ್ಟ್ ಮಾಡುವಾಗ್ಲೇ ಕೈ ಬೆವರುತ್ತೆ. ಅಮ್ಮನಿಗೆ ಹೇಳಿಲ್ಲ.

ಕೇಳ್ಬೇಕಾಗಿರೋದು ಇಷ್ಟು. ಹೊಸಬ್ರು ಎಡ ಅಂಚಲ್ಲೇ ಹೋಗ್ಬೇಕಾ? ಮುಂದಿನ ಗಾಡಿಗೆ ಎಷ್ಟು ಗ್ಯಾಪ್ ಬಿಡ್ಬೇಕು, ಬಿಟ್ರೆ ಯಾರಾದ್ರೂ ಬಂದು ತುಂಬ್ಕೊತಾರಲ್ಲ? ಆಮೇಲೆ ಮುಂದಿನ ಬ್ರೇಕ್ ಮುಟ್ಲೇಬೇಡ, ಪಲ್ಟಿ ಹೊಡಿತೀಯ ಅಂತ ಅಪ್ಪ ಯಾವಾಗ್ಲೂ ಹೇಳೋರು, ಅದು ನಿಜಾನಾ?

ರಿಂಗ್‌ರೋಡ್_ನಿತ್ಯಯಾತ್ರಿ

ಮೊದಲು ನೀನು ಸುರಕ್ಷಿತವಾಗಿದೀಯಲ್ಲ ಅದು ಸಮಾಧಾನ. ನಾನು ಇದೇ ರೋಡಲ್ಲಿ ಹನ್ನೊಂದು ವರ್ಷದಿಂದ ಓಡಾಡ್ತಿದೀನಿ.

ಎಡ ಅಂಚು ಸೇಫ್ ಅಂತ ಎಲ್ಲರೂ ಹೇಳ್ತಾರೆ, ನನಗಂತೂ ಒಪ್ಪಿಗೆ ಇಲ್ಲ. ಎಡ ಲೇನ್ ಸರಿ, ಎಡ ಅಂಚು ಬೇಡ. ಅಂಚಲ್ಲಿ ಏನೇನಿರುತ್ತೆ ಯೋಚ್ನೆ ಮಾಡು, ಜಲ್ಲಿ ಪುಡಿ, ಮರಳು, ಚರಂಡಿ ಮೇಲಿನ ಎದ್ದ ಚಪ್ಪಡಿ, ನಿಂತಿರೋ ಕಾರು ಅದರ ಬಾಗಿಲು ಯಾವಾಗ ತೆಗೀತಾರೋ ಗೊತ್ತಿಲ್ಲ, ಕೈ ಅಡ್ಡ ಹಾಕಿದ ಕೂಡ್ಲೇ ಗಕ್ಕಂತ ನಿಲ್ಲೋ ಆಟೋ. ಇವೆಲ್ಲ ಒಂದೇ ಕಡೆ ಸೇರಿರೋ ಜಾಗ ಅದು. ಎಡ ಲೇನಿನಲ್ಲೇ ಕಾರುಗಳ ಬಲಗಡೆ ಚಕ್ರ ಓಡೋ ಗೆರೆ ಇರುತ್ತಲ್ಲ ಅಲ್ಲಿ ಓಡ್ಸು, ರೋಡು ಅಲ್ಲಿ ಕ್ಲೀನಾಗಿರುತ್ತೆ, ಮುಂದಿನವರ ಮಿರರಲ್ಲೂ ಕಾಣ್ತೀಯ, ಎಡಗಡೆಯಿಂದ ಏನಾದ್ರೂ ಬಂದ್ರೆ ನಿನಗೆ ಮೂರ್ನಾಲ್ಕು ಅಡಿ ಜಾಗನೂ ಸಿಗುತ್ತೆ.

ಗ್ಯಾಪ್ ವಿಷ್ಯ. 40ರಲ್ಲಿ ಹೋಗ್ತಿದೀಯ ಅಂದ್ರೆ ಒಂದು ಸೆಕೆಂಡಿಗೆ 11 ಮೀಟರ್ ಹೋಗ್ತೀಯ, ಅಂದ್ರೆ ಮುಂದಿನವನು ಬ್ರೇಕ್ ಹೊಡೆದಿದ್ದು ನೋಡಿ ನಿನ್ನ ಕೈ ಲಿವರ್ ಮೇಲೆ ಬರೋಷ್ಟರಲ್ಲೇ ಸುಮಾರು ಮೂರು ಕಾರಿನ ಉದ್ದ ಕಳೆದಿರುತ್ತೆ, ಗಾಡಿ ನಿಲ್ಲೋಕೆ ಬೇಕಾದ ಜಾಗ ಅದರ ಮೇಲೆ. 60ರಲ್ಲಾದ್ರೆ ಸೆಕೆಂಡಿಗೆ 16 ಮೀಟರ್ ಮೇಲೆ. ಅದಕ್ಕೆ ಮುಂದಿನ ಗಾಡಿ ಒಂದು ಲೈಟ್ ಕಂಬ ದಾಟಿದ ಮೇಲೆ ನೀನು ಅದೇ ಕಂಬ ದಾಟೋಕೆ ಕಮ್ಮಿ ಅಂದ್ರೂ ಎರಡು ಸೆಕೆಂಡ್ ಆಗ್ಬೇಕು, ಮಳೆ ಇದ್ರೆ ನಾಲ್ಕು. ಯಾರಾದ್ರೂ ಬಂದು ತುಂಬ್ಕೊತಾರೆ, ಖಂಡಿತ ತುಂಬ್ಕೊತಾರೆ. ತುಂಬ್ಕೊಳ್ಳಲಿ. ಸ್ವಲ್ಪ ಥ್ರಾಟಲ್ ಬಿಟ್ಟು ಮತ್ತೆ ಗ್ಯಾಪ್ ಮಾಡ್ಕೊ. ನಾಗರಭಾವಿಯಿಂದ ಬನ್ನೇರುಘಟ್ಟ ರೋಡಿಗೆ ಹೋಗೋವಷ್ಟರಲ್ಲಿ ಇಪ್ಪತ್ತು ಜನ ಮುಂದೆ ಬಂದ್ರೂ ನೀನು ಕಳ್ಕೊಳ್ಳೋದು ಒಂದು ಸಿಗ್ನಲ್.

ಇನ್ನೊಂದು, ಯೂ ಟರ್ನ್ ಹತ್ರ ಡ್ರೈವರ್ ಮುಖ ನೋಡಿ ನಂಬ್ಬೇಡ, ನಿನ್ನ ಕಡೆ ನೋಡ್ತಾನೇ ನುಗ್ಗಿಸ್ತಾರೆ. ಮುಂದಿನ ಚಕ್ರ ನೋಡು. ಕಾರು ಹೊರಡೋ ಮುಂಚೆ ಚಕ್ರ ತಿರುಗೋಕೆ ಶುರುವಾಗುತ್ತೆ, ಅದು ಸುಳ್ಳು ಹೇಳಲ್ಲ. ನಿನ್ನ ಇಂಡಿಕೇಟರ್ ತಿರುಗಿದ ಮೇಲೆ ಆಫ್ ಮಾಡೋದು ಮರೀಬೇಡ, ಹೊಸಬ್ರು ಒಂದು ಕಿಲೋಮೀಟರ್ ಹಂಗೇ ಹೋಗ್ತಾರೆ, ಹಿಂದಿನವರು ಈಗ ತಿರುಗ್ತಾನೆ ಅಂದ್ಕೊಂಡು ಇನ್ನೊಂದು ಕಡೆಯಿಂದ ಬರ್ತಾರೆ.

ಹುಬ್ಳಿ_ಬಸ್_ಡ್ರೈವರ್

ತಮ್ಮಾ, ನಾ ಹದಿನಾಲ್ಕ ವರ್ಷ ಆತು ಬಸ್ ಹೊಡಿಯಾಕತ್ತು. ನೀ ಬರದದ್ದು ಓದಿ ಎದಿ ಝಲ್ ಅಂತು, ಯಾಕಂದ್ರ ಇಂಥಾದ್ದು ನಮ್ಮ ಕಡೆ ಸೀಟಿನ್ಯಾಗ ಕುಂತು ಎಷ್ಟೋ ಸಲ ಕಂಡೀನಿ.

ನಾವು ಕುಂದ್ರೂದು ಬಲಕ್ಕ, ಎತ್ತರದಾಗ. ಎಡಕ್ಕ ಬಾಗಲಾ, ಬಾಗಲದಾಗ ಮಂದಿ ಜೋತು ಬಿದ್ದಿರ್ತಾರ, ಅವರ ಬ್ಯಾಗು, ಅವರ ತಲಿ, ಇಷ್ಟೆಲ್ಲಾ ದಾಟಿ ನಾ ಎಡಗಡೆ ಕನ್ನಡಿ ನೋಡಬೇಕು. ಆ ಕನ್ನಡ್ಯಾಗ ಹಿಂದಿಂದು ಕಾಣತೈತಿ, ಆದ್ರ ಮುಂದಿನ ಬಾಗಲಾ ಬಾಜೂಕ ಬಸ್ಸಿಗೆ ಹತ್ತಿ ನೀ ಬಂದಿ ಅಂದ್ರ ಅಲ್ಲಿ ಮನಷ್ಯಾ ಅದಾನು ಅಂತ ನನಗ ಗೊತ್ತ ಆಗಂಗಿಲ್ಲ. ಬೇಕಂತ ಯಾರೂ ಒತ್ತಂಗಿಲ್ಲ ತಮ್ಮಾ, ಕಾಣಂಗಿಲ್ಲ ಅಷ್ಟ. ನಿನಗ ನನ್ನ ಮಾರಿ ಕನ್ನಡ್ಯಾಗ ಕಾಣಾಕತ್ತಿಲ್ಲ ಅಂದ್ರ ನನಗೂ ನೀ ಕಾಣಾಕತ್ತಿಲ್ಲ ಅಂತ ತಿಳಕೊ.

ಮತ್ತ ಎಡಕ್ಕ ಹೊಳ್ಳುಮುಂದ ನಾವು ಮೊದಲ ಬಸ್ ಸ್ವಲ್ಪ ಬಲಕ್ಕ ತಗೊಂತೀವಿ. ಅವಾಗ ಎಡಕ್ಕ ದೊಡ್ಡ ಜಾಗಾ ಬಿಟ್ಟಂಗ ಕಾಣತೈತಿ, ಬೈಕಿನ ಹುಡುಗೂರು ಅಲ್ಲೇ ಹೊಕ್ಕೊಂಡು ಬರ್ತಾರ. ಆದ್ರ ಹಿಂದಿನ ಗಾಲಿ ಮುಂದಿನ ಗಾಲಿ ಹೋದ ದಾರ್ಯಾಗ ಹೋಗಂಗಿಲ್ಲ, ಒಳಗ ಕತ್ತರಿಸಿಕೊಂತ ಬರ್ತೈತಿ, ಮೂಲಿಗೆ ಹತ್ತಿ. ಆ ಖಾಲಿ ಜಾಗಾ ನಿಂದಲ್ಲ, ನನ್ನ ಹಿಂದಿನ ಗಾಲೀದು. ಬಸ್ ದಾಟಬೇಕಂದ್ರ ಬಲಕ್ಕ ಬಾ, ಹಾರ್ನ್ ಒಂದ ಸಲ ಹೊಡಿ, ಲಗೂನ ದಾಟು, ಬಾಜೂಕ ಸಮಾ ಸಮಾ ಓಡಿಸ್ಕೊಂತ ಇರಬ್ಯಾಡ. ಬಸ್ ಸ್ಟಾಪ್ ಸನೇಕ ಐತಿ ಅಂದ್ರ ಹಿಂದ ನಿಂದ್ರು, ಅರ್ಧಾ ನಿಮಿಷದ ಮಾತು.

ಪಾರಿಜಾತ_ಮೈಸೂರು

ಡ್ರೈವರ್ ಅಣ್ಣ ಹೇಳಿದ್ದನ್ನ ಎರಡು ಸಲ ಓದಿದೆ, ಎಂಟು ವರ್ಷದಿಂದ ಗಾಡಿ ಓಡಿಸ್ತಿರೋ ನನಗೇ ಹಿಂದಿನ ಚಕ್ರದ ವಿಷ್ಯ ಗೊತ್ತಿರ್ಲಿಲ್ಲ. ಥ್ಯಾಂಕ್ಸ್ ಅಣ್ಣ.

ನಾನು ಹೆಲ್ಮೆಟ್ ಬಗ್ಗೆ ಹೇಳ್ಬೇಕು. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲ ಅಂದ್ರೆ ದಂಡ 500 ರೂಪಾಯಿ, ಆ 500 ಉಳಿಸೋಕೆ ಅಂತ್ಲೇ ರೋಡ್ ಸೈಡಲ್ಲಿ ಟೋಪಿ ಥರದ್ದು ತಗೊಳ್ಳೋರು ತುಂಬಾ ಜನ. ನಮ್ಮ ಚಿಕ್ಕಪ್ಪನ ಮಗ ಹೆಲ್ಮೆಟ್ ಹಾಕಿದ್ದ. ಒಳ್ಳೇದೇ. ಆದ್ರೆ ಗದ್ದದ ಕೆಳಗಿನ ಪಟ್ಟಿ ಹಾಕಿರ್ಲಿಲ್ಲ, ಸಿಗ್ನಲ್ ಹತ್ರ ಬಿದ್ದಾಗ ತಲೆ ನೆಲಕ್ಕೆ ತಾಗೋ ಮುಂಚೆನೇ ಹೆಲ್ಮೆಟ್ ಹಾರಿಹೋಗಿ ಡಿವೈಡರ್ ಪಕ್ಕ ಬಿದ್ದಿತ್ತು. ಹನ್ನೆರಡು ದಿನ ಐಸಿಯುನಲ್ಲಿದ್ದ. ಬದುಕ್ದ, ಆದ್ರೆ ಈಗ್ಲೂ ಒಂದು ಕಿವಿ ಕೇಳಲ್ಲ. ಆ ಹೆಲ್ಮೆಟ್ ಮೇಲೆ ಒಂದು ಗೀರೂ ಬಿದ್ದಿರ್ಲಿಲ್ಲ, ಚಿಕ್ಕಮ್ಮ ಇನ್ನೂ ಅದನ್ನ ಅಟ್ಟದ ಮೇಲೆ ಇಟ್ಟಿದ್ದಾರೆ.

2021ರ ಜೂನ್‌ನಿಂದ ಐಎಸ್‌ಐ ಮಾರ್ಕ್ ಇಲ್ದೇ ಇರೋ ಟೂ ವೀಲರ್ ಹೆಲ್ಮೆಟ್ ಮಾರೋ ಹಾಗೇ ಇಲ್ಲ, ಐಎಸ್ 4151 ಅಂತ ನಂಬರ್ ಇರುತ್ತೆ, ಅದು ನೋಡಿ ಫುಲ್ ಫೇಸ್ ತಗೊ. ಹಾಕ್ಕೊಂಡು ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿ ನೋಡು, ಕಳಚಿ ಬಂದ್ರೆ ಸೈಜ್ ದೊಡ್ಡದಾಯ್ತು ಅಂತ. ಕೆನ್ನೆ ಸ್ವಲ್ಪ ಒತ್ತಬೇಕು. ಒಂದು ಸಲ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಹಾಕ್ಬೇಡ, ಒಳಗಿನ ಥರ್ಮಾಕೋಲ್ ಒಂದೇ ಸಲ ಪೆಟ್ಟು ಹೀರ್ಕೊಳ್ಳೋದು, ಮೇಲ್ಗಡೆ ಚೆನ್ನಾಗೇ ಕಾಣುತ್ತೆ.

ಮಳೆದು ಒಂದು ಮಾತು. ಮಳೆ ಶುರುವಾದ ಮೊದಲ ಅರ್ಧ ಗಂಟೆ ರೋಡಿನ ಎಣ್ಣೆ ಎಲ್ಲ ಮೇಲೆ ಬಂದು ತುಂಬಾ ಜಾರುತ್ತೆ, ಎಲ್ಲಾದ್ರೂ ನಿಂತು ಟೀ ಕುಡಿ. ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಫ್ಲೈಓವರ್ ಮೇಲಿನ ಕಬ್ಬಿಣದ ಜಾಯಿಂಟು, ಇವುಗಳ ಮೇಲೆ ಬ್ರೇಕ್ ಹಿಡೀಬೇಡ, ವಾಲಿಸ್ಬೇಡ, ನೆಟ್ಟಗೆ ದಾಟು. ಬೆಂಗಳೂರಲ್ಲಿ ಬೇಸಿಗೆಲೂ ರೋಡ್ ಒದ್ದೆ ಇರುತ್ತೆ ನೆನಪಿಟ್ಕೊ, ನೀರಿನ ಟ್ಯಾಂಕರ್ ಚೆಲ್ಕೊಂಡು ಹೋಗಿರುತ್ತೆ, ಅದೂ ಸರಿಯಾಗಿ ತಿರುವಿನಲ್ಲೇ.

ಗ್ಯಾರೇಜ್_ಮಾತು

ಬ್ರೇಕ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಂತ ಬರೀತಿದೀನಿ. ನಿಮ್ಮಪ್ಪ ಹೇಳಿದ್ದಕ್ಕೆ ಕಾರಣ ಇದೆ, ಮಣ್ಣು ರೋಡಲ್ಲಿ, ಹ್ಯಾಂಡಲ್ ತಿರುಗಿಸಿದಾಗ ಮುಂದಿನದು ಗಟ್ಟಿಯಾಗಿ ಹಿಡಿದ್ರೆ ಬೀಳೋದೇ. ಆದ್ರೆ ಡಾಂಬರು ರೋಡಲ್ಲಿ ನೇರ ಹೋಗ್ತಿದ್ದಾಗ ಗಾಡಿ ನಿಲ್ಲಿಸೋದೇ ಮುಂದಿನ ಬ್ರೇಕು. ಬ್ರೇಕ್ ಹಿಡಿದ ತಕ್ಷಣ ಭಾರ ಎಲ್ಲ ಮುಂದಿನ ಚಕ್ರಕ್ಕೆ ಬರುತ್ತೆ, ಹಿಂದಿನದು ಹಗುರ ಆಗುತ್ತೆ, ಆವಾಗ ಬರೀ ಹಿಂದಿನದು ಒತ್ತಿದ್ರೆ ಕರ್ರ್ ಅಂತ ಜಾರ್ಕೊಂಡು ಹೋಗುತ್ತೆ ಹೊರತು ನಿಲ್ಲಲ್ಲ. ಎರಡೂ ಒಟ್ಟಿಗೆ ಹಿಡಿ. ಮುಂದಿನದನ್ನ ಬಟ್ಟೆ ಹಿಂಡೋ ಹಾಗೆ ನಿಧಾನಕ್ಕೆ ಬಿಗಿ ಮಾಡ್ತಾ ಹೋಗು, ಗಬಕ್ಕಂತ ಹಿಡೀಬೇಡ.

2019ರ ಏಪ್ರಿಲ್ ಆದ್ಮೇಲೆ ಬಂದ ಗಾಡಿಗಳಲ್ಲಿ 125 ಸಿಸಿ ಮೇಲಿನದಕ್ಕೆ ಎಬಿಎಸ್, ಅಂದ್ರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು, ಕಡ್ಡಾಯ, 125ರವರೆಗಿನದಕ್ಕೆ ಸಿಬಿಎಸ್, ಅಂದ್ರೆ ಎರಡೂ ಬ್ರೇಕ್ ಜೋಡಿಸಿರೋದು, ಆದ್ರೂ ಇರ್ಲೇಬೇಕು. ನಿಂದು 125, ಬರೀ ಸಿಬಿಎಸ್ ಇದ್ರೆ ಹಿಂದಿನ ಪೆಡಲ್ ಒತ್ತಿದ್ರೆ ಮುಂದಿನದೂ ಸ್ವಲ್ಪ ಹಿಡಿಯುತ್ತೆ, ಆದ್ರೆ ಚಕ್ರ ಲಾಕ್ ಆಗೋದನ್ನ ಅದು ತಡೆಯಲ್ಲ, ಅದು ನಿನ್ನ ಬೆರಳಿನ ಕೆಲಸ. ಭಾನುವಾರ ಬೆಳಿಗ್ಗೆ ಆರಕ್ಕೆ ಯಾವುದಾದ್ರೂ ಖಾಲಿ ಲೇಔಟ್ ರೋಡಿಗೆ ಹೋಗಿ 20ರಲ್ಲಿ ಹತ್ತು ಸಲ, 30ರಲ್ಲಿ ಹತ್ತು ಸಲ, 40ರಲ್ಲಿ ಹತ್ತು ಸಲ ನಿಲ್ಲಿಸಿ ನೋಡು. ಭಯ ಆದಾಗ ಕೈಗೆ ಅಭ್ಯಾಸ ಇರೋದೇ ಬರೋದು.

ಸಿಆರ್‌ಪಟ್ಟಣ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಹೋಗಿದ್ದೆ, ಒಂದು ಬಿಲ್ಡಿಂಗ್ ಇಲ್ಲದ ಲೇಔಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು 40ರಲ್ಲಿ ಬಂದು ಗೆರೆ ಹತ್ರ ಬ್ರೇಕ್ ಹಿಡಿದೆ. ಬರೀ ಹಿಂದಿನದ್ರಲ್ಲಿ ಗೆರೆಯಿಂದ 24 ಹೆಜ್ಜೆ ಮುಂದೆ ಹೋಗಿ ನಿಲ್ತು. ಎರಡೂ ಹಿಡಿದಾಗ 13 ಹೆಜ್ಜೆ. ಮೂರು ಸಲ ಅಳೆದೆ, ನಂಬಿಕೆನೇ ಬರ್ಲಿಲ್ಲ. ಹೆಲ್ಮೆಟ್ ತಳ್ಳಿ ನೋಡ್ದೆ, ಕಳಚ್ಕೊಂಡು ಬಂತು, ಸಂಜೆ ಹೊಸದು ತಗೋತೀನಿ.

ಕೊನೇ ಪ್ರಶ್ನೆ, ದೀಪಾವಳಿ ಆಗಿ ಎರಡು ವಾರಕ್ಕೆ ಊರಲ್ಲಿ ಒಂದು ಮದುವೆ ಇದೆ, ನೆಲಮಂಗಲ ಕುಣಿಗಲ್ ಮೇಲೆ ಬೈಕಲ್ಲೇ ಹೋಗ್ಬಹುದಾ? ಶುಕ್ರವಾರ ಕೆಲಸ ಮುಗಿಸಿ ಹೊರಡೋಣ ಅಂತಿದೀನಿ.

ರಿಂಗ್‌ರೋಡ್_ನಿತ್ಯಯಾತ್ರಿ

ಶುಕ್ರವಾರ ರಾತ್ರಿ ಬೇಡ ಮಾರಾಯ. ದಿನವಿಡೀ ಕೆಲಸ ಮಾಡಿ ಸುಸ್ತಾಗಿರ್ತೀಯ, ಎದುರಿಂದ ಹೈ ಬೀಮ್ ಹೊಡಿತಾರೆ, ಹಿಂದೆ ಒಂದು ದೀಪನೂ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್ ಹತ್ತು ಮೀಟರ್ ಹತ್ರ ಬರೋವರೆಗೂ ಕಾಣಲ್ಲ. ಜೊತೆಗೆ ಆ ಟೈಮಿಗೆ ನಿಮ್ಮ ಕಡೆ ಒಳರೋಡುಗಳಲ್ಲಿ ರಾಗಿ, ಹುರುಳಿ ರೋಡಿಗೇ ಹಾಸಿ ಒಕ್ಕಣೆ ಮಾಡ್ತಿರ್ತಾರೆ, ನಿನಗೇ ಗೊತ್ತಲ್ಲ, ಹುರುಳಿ ಕಾಳಿನ ಮೇಲೆ ಚಕ್ರ ಹೋದ್ರೆ ಗೋಲಿ ಮೇಲೆ ಹೋದ ಹಾಗೆ. ಇನ್ನೂ ಒಂದು ತಿಂಗಳು ಸಿಟಿಲಿ ಕೈ ಕುದುರಲಿ.

ಹುಬ್ಳಿ_ಬಸ್_ಡ್ರೈವರ್

ಈ ಸಲ ಬಸ್ಸಿನ್ಯಾಗ ಹೋಗು ತಮ್ಮಾ. ಮುಂದಿನ ಸೀಟ್ ಹಿಡಿ, ಡ್ರೈವರ್ ಎಡಗಡೆ ಕನ್ನಡಿ ಎಷ್ಟ ಸಲ ನೋಡ್ತಾನ, ಅದರಾಗ ಏನ ಕಾಣತೈತಿ, ಏನ ಕಾಣಂಗಿಲ್ಲ, ಕುಣಿಗಲ್ ತನಕ ಅದನ್ನ ನೋಡ್ಕೊಂತ ಕುಂದ್ರು. ಮತ್ತ ಅವ್ವಗ ಕಾಲಿನ ವಿಷಯ ಹೇಳು, ಮುಚ್ಚಿಡಬ್ಯಾಡ.