ಸೊಸೈಟಿಗೆ ಜಿಐಎಸ್ ಬೇಕಾ, ಗೂಗಲ್ ಮ್ಯಾಪ್ ಸಾಲದಾ?

ತೋಟದಮನೆ, ಕಾರ್ಕಳ
ನಮ್ಮದು ಕೃಷಿ ಸಹಕಾರಿ ಸೊಸೈಟಿ. ಮಳೆಗಾಲದಲ್ಲಿ ಸದಸ್ಯರ ಅಡಿಕೆ ತೋಟಗಳಿಗೆ ಮದ್ದು ಬಿಡುವ ತಂಡ ಕಳಿಸುತ್ತೇವೆ. ರಿಜಿಸ್ಟರಿನಲ್ಲಿ ವಿಳಾಸ ಅಂದರೆ ಮನೆ ಹೆಸರು, ಅಷ್ಟೇ. 'ದೈವಸ್ಥಾನ ದಾಟಿ ಎಡಕ್ಕೆ' ಅಂತ ಕೇಳಿಕೊಂಡು ಹೋಗುವಷ್ಟರಲ್ಲಿ ಮಳೆ ಮತ್ತೆ ಶುರು. ಹೊಸ ನಿರ್ದೇಶಕರೊಬ್ಬರು ಜಿಐಎಸ್, ಅಂದರೆ ನಮ್ಮ ಮಾಹಿತಿಯನ್ನು ನಕ್ಷೆಗೆ ಜೋಡಿಸುವ ಕಂಪ್ಯೂಟರ್ ವ್ಯವಸ್ಥೆ, ಮಾಡಿಸೋಣ ಅಂತಾರೆ. ಅಧ್ಯಕ್ಷರದ್ದು 'ಗೂಗಲ್ ಮ್ಯಾಪ್ ಇದೆಯಲ್ಲ, ಸುಮ್ನೆ ದುಡ್ಡು ದಂಡ' ಅಂತ ಒಂದೇ ಮಾತು. ನಾನು ಕಾರ್ಯದರ್ಶಿ, ಇಬ್ಬರಿಗೂ ಉತ್ತರ ಕೊಡಬೇಕು. ನಿಜವಾಗಿ ಉಪಯೋಗ ಇದೆಯಾ?

ಪಡೀಲ್ ಪೋರ
ದಾರಿ ಹುಡುಕೋದಷ್ಟೇ ಆದರೆ ವಾಟ್ಸಾಪ್ ಲೊಕೇಶನ್ ಸಾಕು ಮಾರಾಯ್ರೆ.

ನಕ್ಷೆಯವಳು, ಮಂಗಳೂರು
ನನ್ನ ಹೊಟ್ಟೆಪಾಡೇ ಈ ಕೆಲಸ, ಸ್ವಲ್ಪ ಉದ್ದ ಬರೆಯುತ್ತೇನೆ.

ದಾರಿಗೆ ಗೂಗಲ್ ಸಾಕು, ಅಧ್ಯಕ್ಷರು ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ 'ಹೋದ ವರ್ಷ ಕೊಳೆರೋಗ ಬಂದ, ಈ ವರ್ಷ ಇನ್ನೂ ಮದ್ದು ಬೀಳದ ತೋಟ ಈ ರಸ್ತೆಯಲ್ಲಿ ಎಷ್ಟಿವೆ' ಅಂತ ಗೂಗಲನ್ನು ಕೇಳಿ ನೋಡಿ! ನಿಮ್ಮ ರಿಜಿಸ್ಟರು ನಕ್ಷೆಯ ಮೇಲೆ ಕೂತರೆ ಮಾತ್ರ ಅದಕ್ಕೆ ಉತ್ತರ ಸಿಗುತ್ತದೆ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಮಳೆ ಹಿಡಿಯುವ ಮುಂಚೆ ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ, ಅಲ್ವಾ? ಪ್ರತಿ ತೋಟಕ್ಕೂ ಮದ್ದು ಬಿಟ್ಟ ತಾರೀಕು ತುಂಬಿಸಿ. 40 ದಿನ ದಾಟಿದ ತೋಟ ಕೆಂಪಾಗುವ ಹಾಗೆ ಮಾಡಬಹುದು. ಮಳೆ ಬಿಟ್ಟ ಕೂಡಲೇ ಒಂದೇ ಬದಿಯ ಕೆಂಪು ತೋಟಗಳನ್ನು ಹಿಡಿದು ತಂಡ ಹೊರಡಲಿ. ತೋಟದ ವಿಸ್ತೀರ್ಣವೂ ಇದ್ದರೆ ಎಷ್ಟು ಡ್ರಮ್ ಬೇಕು ಅಂತ ಲೆಕ್ಕ ಸಿಗುತ್ತದೆ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಅಲ್ಲಿಗೆ ಎಷ್ಟು ಮಾಲು ತರಿಸಬೇಕು ಅನ್ನುವುದೂ ಗೊತ್ತಾಯಿತು.

ದುಡ್ಡಿನ ವಿಷಯ. ಜಿಐಎಸ್ ಮಾಡುವ ಕ್ಯೂಜಿಐಎಸ್ ಸಾಫ್ಟ್‌ವೇರ್ ಫ್ರೀ. ಮೊಬೈಲಿಗೆ ಕ್ಯೂಫೀಲ್ಡ್, ಅದೂ ಫ್ರೀ, ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ಖರ್ಚೆಲ್ಲ ತೋಟ ತೋಟಕ್ಕೆ ಹೋಗಿ ಗುರುತು ಹಾಕುವ ಹುಡುಗರ ಸಂಬಳದ್ದು. ಗುರುತನ್ನು ಅಂಗಳದಲ್ಲಿ ನಿಂತು ಹಾಕಿಸಿ, ಮರಗಳ ಅಡಿಯಲ್ಲಿ ಜಿಪಿಎಸ್ ಅತ್ತಿತ್ತ ಓಡುತ್ತದೆ. ವಿಸ್ತೀರ್ಣ ಅಳೆಯಲು ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿ) 43 ಉತ್ತರ ವಲಯ ಇಟ್ಟುಕೊಳ್ಳಿ, ನಮ್ಮ ಕರಾವಳಿ ಅದರಲ್ಲೇ ಬರುತ್ತದೆ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಕಾಲಂ ಹೆಸರು ಕನ್ನಡದಲ್ಲಿ ಇಡುವುದಾದರೆ ಶೇಪ್‌ಫೈಲ್ ಅನ್ನುವ ನಕ್ಷೆ ಫೈಲಿನ ನಮೂನೆ ಬೇಡ. ಅದರಲ್ಲಿ ಕಾಲಂ ಹೆಸರಿಗೆ ಇರುವುದು 10 ಬೈಟ್ ಜಾಗ. ನಮ್ಮ 'ಮದ್ದು' ಅನ್ನುವ ಪುಟ್ಟ ಪದಕ್ಕೇ 15 ಬೇಕು! ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ನಮೂನೆಯಲ್ಲಿ ಉಳಿಸಿ, ಆ ತಲೆಬಿಸಿ ಇಲ್ಲ.

ತೋಟದಮನೆ, ಕಾರ್ಕಳ
ಎಲ್ಲರ ಪಹಣಿ ನಮ್ಮ ಹತ್ತಿರ ಇದೆ. ಸರ್ವೆ ನಂಬ್ರದಿಂದಲೇ ಗುರುತು ಹಾಕಬಹುದಲ್ಲ? ಹುಡುಗರನ್ನು ಕಳಿಸುವ ಖರ್ಚು ಉಳಿಯಿತು.

ನಕ್ಷೆಯವಳು, ಮಂಗಳೂರು
ಸುಮಾರಾಗಿ ಎಲ್ಲಿದೆ ಅಂತ ತಿಳಿಯಲು, ಸರ್ವೆ ನಂಬ್ರವನ್ನು ನಕ್ಷೆಯಲ್ಲಿ ತೋರಿಸುವ ಸರಕಾರದ ದಿಶಾಂಕ್ ಆ್ಯಪ್ ಚೆನ್ನಾಗಿದೆ. ಆದರೆ ಒಂದು ಸರ್ವೆ ನಂಬ್ರದಲ್ಲಿ ಅಣ್ಣತಮ್ಮಂದಿರ ಮೂರು ತೋಟ ಇದ್ದರೆ? ಪಿಕಪ್ ಎಲ್ಲಿವರೆಗೆ ಹೋಗುತ್ತದೆ, ಸಂಕ ದಾಟಬೇಕಾ, ನೀರು ಎಲ್ಲಿ ಸಿಗುತ್ತದೆ, ಇದೆಲ್ಲ ಪಹಣಿಯಲ್ಲಿ ಇರುವುದಿಲ್ಲ. ಹುಡುಗರು ಹೋಗಲೇಬೇಕು. ಗಡಿ ಜಗಳಕ್ಕಂತೂ ಮೊಬೈಲ್ ತೋರಿಸಬೇಡಿ, ಸರ್ವೆಯರ್ ಅಳೆದದ್ದೇ ಲೆಕ್ಕ.

ಬಾರ್ಕೂರಿನ ಭಾವ
ಮಾಡಿಸುವುದು ಸುಲಭ. ದಿನಾ ಸಂಜೆ ತಾರೀಕು ತುಂಬಿಸುವವರು ಯಾರು? ಅದನ್ನು ಮೊದಲು ತೀರ್ಮಾನ ಮಾಡಿ. ಮತ್ತೆ, ಸದಸ್ಯರ ಸಾಲದ ಬಾಕಿ ಅದರಲ್ಲಿ ಸೇರಿಸಬೇಡಿ. ಆ ಫೈಲು ಹತ್ತು ಜನರ ಮೊಬೈಲಿನಲ್ಲಿ ಓಡಾಡುತ್ತದೆ.

ತೋಟದಮನೆ, ಕಾರ್ಕಳ
ತಂಡದ ಮೇಸ್ತ್ರಿಯೇ ತುಂಬಿಸಲಿ, ಅವರ ಮಗಳು ಡಿಪ್ಲೊಮಾ ಓದುತ್ತಿದ್ದಾಳೆ, ಕಲಿಸಿಕೊಡುತ್ತಾಳೆ. ಮೊದಲು ಒಂದೇ ಗ್ರಾಮಕ್ಕೆ ಮಾಡೋಣ ಅಂತ ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ. ಅಧ್ಯಕ್ಷರ ತೋಟ ಇರುವ ಗ್ರಾಮವೇ ಆಗಲಿ.