ಚಿಕ್ಕ ಅಡುಗೆಮನೆಗೆ ಯಾವ ಪಾತ್ರೆ ಕೊಳ್ಳಬೇಕು? ಬಳಸಿದವರ ಅನುಭವ

ಪ್ರಶ್ನೆ: ಹೊಸದಾಗಿ ಮನೆ ಹೂಡುತ್ತಿದ್ದೇವೆ, ಇರೋದು ಇಬ್ಬರೇ. ಅಡುಗೆಮನೆ ಚಿಕ್ಕದು, ಇಂಡಕ್ಷನ್ ಒಲೆ. ಹತ್ತು-ಹನ್ನೆರಡು ಪಾತ್ರೆಗಳ ಸೆಟ್ ತಗೊಳ್ಳೋದಾ, ಬಿಡಿಯಾಗಿ ಆರಿಸೋದಾ? ಒಂದೊಂದು ಪಾತ್ರೆಯೂ ನಾಲ್ಕಾರು ಕೆಲಸಕ್ಕೆ ಬರಬೇಕು. ಬಳಸಿ ನೋಡಿದವರು ದಯವಿಟ್ಟು ಹೇಳಿ.

* * *

ಸೆಟ್ ಬೇಡ. ಹನ್ನೆರಡು ಎಂದು ಬರೆದಿರುವ ಪೆಟ್ಟಿಗೆಯಲ್ಲಿ ಮುಚ್ಚಳಗಳೂ ಎಣಿಕೆಗೆ ಸೇರಿರುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎಲ್ಲವೂ ಒಂದೇ ಲೋಹದವು. ಎಲ್ಲ ಅಡುಗೆಗೂ ಹೊಂದುವ ಲೋಹ ಇಲ್ಲವೇ ಇಲ್ಲ.

ಮೊದಲು ಒಂದೇ ಒಂದು ಒಳ್ಳೆಯ ಪಾತ್ರೆ ಕೊಳ್ಳಿ: ಟ್ರೈಪ್ಲೈ ಸ್ಟೀಲಿನದು, 24 ಸೆಂ.ಮೀ. ಅಗಲ, 7 ಸೆಂ.ಮೀ. ಆಳ, ನೆಟ್ಟಗೆ ನಿಂತ ಅಂಚು, ಸರಿಯಾಗಿ ಕೂರುವ ಮುಚ್ಚಳ. ಸುಮಾರು ಮೂರು ಲೀಟರ್ ಹಿಡಿಯುತ್ತದೆ. ಹುರಿಯಬಹುದು, ಅದರಲ್ಲೇ ನೀರು ಹಾಕಿ ಬೇಯಿಸಬಹುದು, ಮುಚ್ಚಳ ತೆಗೆದು ಬತ್ತಿಸಬಹುದು. ನಮ್ಮ ಮನೆಯಲ್ಲಿ ಕಪಾಟು ಸೇರಲು ಪುರುಸೊತ್ತಿಲ್ಲದ ಪಾತ್ರೆ ಅದೊಂದೇ.

ಟ್ರೈಪ್ಲೈ ಏಕೆಂದರೆ, ಸ್ಟೀಲಿಗೆ ಕಾವು ಹರಡುವ ಗುಣ ಕಡಿಮೆ. ತೆಳು ಸ್ಟೀಲ್ ಪಾತ್ರೆಯ ನಡುಭಾಗ ಸೀದರೂ ಅಂಚಿನಲ್ಲಿ ಹಸಿಯೇ ಉಳಿದಿರುತ್ತದೆ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಕಾವು ಸಾಗಿಸುತ್ತದೆ. ಅದನ್ನು ಎರಡು ಸ್ಟೀಲ್ ಹಾಳೆಗಳ ನಡುವೆ ಅಂಚಿನವರೆಗೂ ಕೂರಿಸಿದರೆ ಟ್ರೈಪ್ಲೈ. ಒಳಮೈ ಸ್ಟೀಲ್ ಆದ್ದರಿಂದ ಹುಳಿ ಪದಾರ್ಥಕ್ಕೂ ಅಂಜಬೇಕಿಲ್ಲ. ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಅದು ತಳಕ್ಕೆ ಗಟ್ಟಿಯಾಗಿ ಅಂಟದ ಪಾತ್ರೆ ನಿಮ್ಮ ಒಲೆಗೆ ಆಗುವುದಿಲ್ಲ.

ಸ್ಟೀಲಿಗೆ ಎಲ್ಲ ಅಂಟುತ್ತದೆ ಎಂಬ ದೂರು ಬಹಳ ಕೇಳುತ್ತೇನೆ. ಖಾಲಿ ಪಾತ್ರೆಯನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಒಂದು ಹನಿ ನೀರು ಹಾಕಿ ನೋಡಿ. ಚುರ್ ಎಂದು ಆರಿದರೆ ಇನ್ನೂ ಕಾದಿಲ್ಲ. ಹನಿ ಮುತ್ತಿನಂತೆ ಉರುಳಾಡಿದರೆ ಎಣ್ಣೆ ಹಾಕಿ. ಆಮೇಲೆ ಹಾಕಿದ್ದನ್ನು ತಕ್ಷಣ ಕೆದಕಬೇಡಿ, ಕೆಳಗೆ ಕೆಂಪಗಾದ ಮೇಲೆ ತಾನಾಗಿಯೇ ಬಿಡುತ್ತದೆ. ಉಪ್ಪನ್ನು ತಣ್ಣೀರಿಗೆ ಹಾಕದೆ ನೀರು ಕುದಿದ ಮೇಲೆ ಹಾಕಿ. ತಳದಲ್ಲಿ ಕೂತ ಉಪ್ಪು ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿ ಗುಳಿ ಮಾಡುತ್ತದೆ.

* * *

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ಎರಡನೆಯದಾಗಿ ಎರಕದ ಕಬ್ಬಿಣದ ಬಾಣಲೆ ಇರಲೇಬೇಕು ಅಂತೀನಿ. ಕಾಯೋಕೆ ಹೊತ್ತು ಹಿಡಿಯುತ್ತೆ ನಿಜ, ಆದರೆ ಕಾದಮೇಲೆ ತಣ್ಣನೆಯ ಪದಾರ್ಥ ಬಿದ್ದರೂ ಕಾವು ಅಷ್ಟು ಬೇಗ ಇಳಿಯಲ್ಲ. ಗರಿಗರಿಯಾಗಿ ಹುರಿಯೋಕೆ ಇದಕ್ಕೆ ಸಾಟಿ ಇಲ್ಲ. ಪಳಗಿಸೋದು ದೊಡ್ಡ ವಿದ್ಯೆಯೇನಲ್ಲ: ತೊಳೆದು, ಒಲೆಯ ಮೇಲೇ ಒಣಗಿಸಿ, ಎಣ್ಣೆಯನ್ನ ತೀರಾ ತೆಳುವಾಗಿ ಸವರಿ, ಹೊಗೆ ಬರೋವರೆಗೆ ಕಾಯಿಸಿ. ಎಣ್ಣೆ ಗಟ್ಟಿ ಪದರವಾಗಿ ಕೂರುತ್ತೆ. ಎಣ್ಣೆ ಜಾಸ್ತಿಯಾದರೆ ಜಿಗುಟಾಗುತ್ತೆ ಅಷ್ಟೆ. ಟೊಮೆಟೊದಂಥ ಹುಳಿಯನ್ನ ಅದರಲ್ಲಿ ತುಂಬ ಹೊತ್ತು ಬೇಯಿಸಬೇಡಿ, ಪದರವೂ ಹೋಗುತ್ತೆ, ಊಟಕ್ಕೆ ಕಬ್ಬಿಣದ ರುಚಿಯೂ ಬರುತ್ತೆ. ನಿಮ್ಮದು ಇಂಡಕ್ಷನ್ ಅಂದಿರಿ, ಹಾಗಾಗಿ ಒಮ್ಮೆಲೇ ಜೋರು ಕಾವು ಕೊಡಬೇಡಿ. ಕಡಿಮೆಯಿಂದ ಏರಿಸುತ್ತ ಹೋಗಿ.

* * *

ಮೊಟ್ಟೆಗೆ ಚಿಕ್ಕದೊಂದು ನಾನ್‌ಸ್ಟಿಕ್ ಸಾಕು. ಟೆಫ್ಲಾನ್ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರುವಾಗುತ್ತದೆ, ಖಾಲಿ ಪ್ಯಾನ್ ಜೋರು ಉರಿಯಲ್ಲಿ ಕೆಲವೇ ನಿಮಿಷದಲ್ಲಿ ಅಷ್ಟು ಕಾಯುತ್ತದೆ. ಮನೆಯಲ್ಲಿ ಹಕ್ಕಿ ಸಾಕಿದ್ದರೆ ಇದನ್ನು ಕೊಳ್ಳಲೇಬೇಡಿ, ಹಾಗೆ ಅತಿಯಾಗಿ ಕಾದ ಲೇಪನದಿಂದ ಬರುವ ಹೊಗೆ ಅವುಗಳ ಪ್ರಾಣ ತೆಗೆಯುತ್ತದೆ. ಲೇಪನ ಸವೆಯುವಂಥದ್ದು, ಆದ್ದರಿಂದ ದುಬಾರಿಯದಕ್ಕೆ ದುಡ್ಡು ಸುರಿಯಬೇಡಿ.

* * *

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ಕಬ್ಬಿಣದ್ದು ಆಸೆಯೇನೋ ಇದೆ, ಆದರೆ ನನಗೆ ಮಣಿಕಟ್ಟು ನೋವು. ಭಾರ ಎತ್ತೋದು ಕಷ್ಟ.

* * *

ಹಾಗಿದ್ದರೆ ಕಾರ್ಬನ್ ಸ್ಟೀಲ್ (ಕಬ್ಬಿಣದಲ್ಲಿ ಸ್ವಲ್ಪ ಇಂಗಾಲ ಇರುವ ಉಕ್ಕು) ಬಾಣಲೆ ನೋಡಿ. ಪಳಗಿಸುವ ಕ್ರಮ ಅದೇ, ಗೋಡೆ ತೆಳು ಇರುವುದರಿಂದ ಎರಕದ್ದಕ್ಕಿಂತ ಹಗುರ. ತಳ ತೀರಾ ತೆಳುವಾದದ್ದು ಇಂಡಕ್ಷನ್ ಮೇಲೆ ಸೊಟ್ಟಗಾಗಬಹುದು, 2 ಮಿ.ಮೀ.ಗಿಂತ ಕಡಿಮೆಯದು ಬೇಡ. ಟ್ರೈಪ್ಲೈ ಕೊಳ್ಳುವಾಗಲೂ ಉದ್ದ ಹಿಡಿಯ ಎದುರು ಬದಿಗೆ ಇನ್ನೊಂದು ಚಿಕ್ಕ ಹಿಡಿ ಇರುವಂಥದ್ದನ್ನೇ ಆರಿಸಿ. ತುಂಬಿದ ಪಾತ್ರೆಯ ಭಾರ ಆಗ ಎರಡೂ ಕೈಗೆ ಹಂಚಿಹೋಗುತ್ತದೆ. ಅಂಗಡಿಯಲ್ಲಿ ಒಮ್ಮೆ ಎತ್ತಿ, ಬಗ್ಗಿಸಿ, ಸುರಿಯುವಂತೆ ಮಾಡಿ ನೋಡಿ. ಖಾಲಿ ಇರುವಾಗಲೇ ಕೈ ನೋಯುವಂತಿದ್ದರೆ ಅದೆಷ್ಟೇ ಒಳ್ಳೆಯದಾದರೂ ಬಿಟ್ಟುಬಿಡಿ.