ಸೆಕಿರೊ: ಗೆನಿಚಿರೊ ಹತ್ತಿರ ಒಂದು ತಿಂಗಳಿಂದ ನಿಂತುಬಿಟ್ಟಿದ್ದೇನೆ. ಮುಂದುವರಿಸಲಾ, ಬಿಡಲಾ?

ಕುಂದಾಪುರ ಪ್ಲೇಯರ್:

ಎಲ್ಲರಿಗೂ ನಮಸ್ಕಾರ. ಕುಂದಾಪುರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ರಾತ್ರಿ 9ಕ್ಕೆ ಶಟರ್ ಎಳೆದು, ಮನೆಗೆ ಬಂದು ಊಟ ಮಾಡಿ, ಮಗಳು ಮಲಗಿದ ಮೇಲೆ ಹತ್ತೂವರೆಗೆ ಪಿಎಸ್4 ಆನ್ ಮಾಡುತ್ತೇನೆ. ಹನ್ನೆರಡಕ್ಕೆ ಆಫ್. ವಾರಕ್ಕೆ ನಾಲ್ಕು ದಿನ ಸಿಕ್ಕರೆ ಜಾಸ್ತಿ. ಒಟ್ಟು ಆರು ಗಂಟೆ. ಆ ಆರು ಗಂಟೆ ನನಗೆ ತುಂಬಾ ಬೇಕಾದದ್ದು, ಅದಕ್ಕೇ ಕೇಳುತ್ತಿದ್ದೇನೆ.

ಸೆಕಿರೊ ಅನ್ನುವ ಕತ್ತಿ ಕಾಳಗದ ಗೇಮ್‌ನಲ್ಲಿ ಅಶಿನಾ ಕೋಟೆಯ ಮೇಲೆ ಗೆನಿಚಿರೊ ಅನ್ನುವ ದೊಡ್ಡ ಶತ್ರು ಹತ್ತಿರ ಒಂದು ತಿಂಗಳು ಕಳೆಯಿತು. ಅವನನ್ನು ಎರಡು ಸಲ ಕೆಡವಿ ಮೂರನೇ ಸುತ್ತಿನವರೆಗೆ ಹೋಗಿದ್ದು ಬರೀ ಮೂರು ಬಾರಿ. ಮೂರೂ ಬಾರಿ ಮಿಂಚು ಹೊಡೆದು ಮುಗಿಯಿತು. ಈ ಗೇಮ್‌ನಲ್ಲಿ ಈಸಿ ಮೋಡ್ ಇಲ್ಲ, ನಿಮಗೆಲ್ಲ ಗೊತ್ತೇ ಇದೆ.

ನಾನು ಯಾವ ಗೇಮ್ ಹಾಕಿದರೂ ಡಿಫಿಕಲ್ಟಿಯಲ್ಲಿ ಮೇಲಿನದ್ದನ್ನೇ ಆರಿಸುತ್ತಿದ್ದವನು. ಚಿಕ್ಕವನಿದ್ದಾಗ ದೊಡ್ಡಪ್ಪನ ಮಗನ ಜೊತೆ ಟಿವಿ ಗೇಮ್‌ನಲ್ಲಿ ಕಾಂಟ್ರಾ ಆಡುತ್ತಿದ್ದೆ. ಬೇಸಿಗೆ ರಜೆ ಪೂರ್ತಿ ಅದೇ. ಕಷ್ಟಪಟ್ಟು ಗೆದ್ದರೇ ಗೆದ್ದ ಹಾಗೆ ಅನ್ನುವುದು ಆಗಲೇ ತಲೆಯಲ್ಲಿ ಕೂತಿತ್ತು. ಹಾಗಾಗಿ 2018ರ ಗಾಡ್ ಆಫ್ ವಾರ್ ಅನ್ನೂ ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿ ಶುರು ಮಾಡಿದೆ. ಅದೊಂದು ಮಟ್ಟ ಆರಿಸಿದರೆ ಮಧ್ಯದಲ್ಲಿ ಬದಲಾಯಿಸಲು ಬಿಡುವುದಿಲ್ಲ. ಕಲ್ಲಿನ ಕಂಬ ಹಿಡಿದು ಬರುವ ಮೊದಲ ಟ್ರೋಲ್ ಹತ್ತಿರವೇ ಎರಡು ವಾರ ಹೋಯಿತು. ಕೊನೆಗೆ ಹೊಸದಾಗಿ ಶುರು ಮಾಡಿ ಬ್ಯಾಲೆನ್ಸ್ಡ್ ಅನ್ನುವ ಸಾಧಾರಣ ಮಟ್ಟದಲ್ಲಿ ಆಡಿದೆ. ದೋಣಿಯಲ್ಲಿ ಹೋಗುವಾಗ ಅಪ್ಪ ಮಗ ಮಾತಾಡುತ್ತಾರಲ್ವಾ, ಅದನ್ನು ಕೇಳಲೆಂದೇ ಸುಮ್ನೆ ಸುತ್ತು ಹಾಕುತ್ತಿದ್ದೆ. ಅಷ್ಟು ಇಷ್ಟವಾಯಿತು.

ಇನ್ನೊಂದು ವಿಷಯ. ಐದು ಡಿಸ್ಕ್‌ನಿಂದ ಶುರುವಾದ ಕಲೆಕ್ಷನ್ ಈಗ 64 ಆಗಿದೆ. ಶೋಕೇಸ್‌ನ ಮೇಲಿನ ಸಾಲಿನಲ್ಲಿ ಮುಗಿಸಿದವು, ಕೆಳಗಿನ ಸಾಲಿನಲ್ಲಿ ಇನ್ನೂ ಹಾಕದೇ ಇರುವವು. ಕೆಳಗಡೆ 29 ಇವೆ. ಆರರ ಪ್ಲಾಸ್ಟಿಕ್ ಕೂಡ ಹರಿದಿಲ್ಲ. ಸೆಕಿರೊ ಆಡುವಾಗೆಲ್ಲ ಕಣ್ಣು ಆ ಕಡೆ ಹೋಗುತ್ತದೆ. ಒಬ್ಬನ ಮೇಲೆ ಒಂದು ತಿಂಗಳು ಕಳೆಯುವುದು ಸರಿಯಾ?

ಬಳ್ಳಾರಿ ಬಟನ್:

ಬಿಡಬೇಡಿ ಅಣ್ಣ. ಮೂರನೇ ಸುತ್ತಿಗೆ ಹೋಗಿದ್ದೀರಿ ಅಂದರೆ ಮುಕ್ಕಾಲು ಪಾಲು ಕಲಿತಾಗಿದೆ.

ಮೊದಲು ಒಂದು ಕೆಲಸ ಮಾಡಿ. ಪಾಳು ದೇವಸ್ಥಾನದ ಹೊರಗೆ ಹನ್ಬೆ ಅಂತ ಒಬ್ಬ ಇರುತ್ತಾನೆ, ಅವನಿಗೆ ಸಾವಿಲ್ಲ. ಅಭ್ಯಾಸಕ್ಕೆಂದೇ ಇಟ್ಟಿದ್ದಾರೆ. ದಿನಾ ಗೇಮ್ ಹಾಕಿದ ತಕ್ಷಣ ಹತ್ತು ನಿಮಿಷ ಅವನ ಜೊತೆ ಆಡಿ, ಆಮೇಲೆ ಕೋಟೆಗೆ ಹೋಗಿ. ನೀವು ದಿನಾ ತಣ್ಣಗಿನ ಕೈಯಲ್ಲಿ ನೇರ ಗೆನಿಚಿರೊ ಹತ್ತಿರ ಹೋಗುತ್ತಿದ್ದೀರಿ ಅನ್ನಿಸುತ್ತದೆ.

ಅಪಾಯದ ಕೆಂಪು ಅಕ್ಷರ ಬಂದಾಗ ಗೆನಿಚಿರೊ ಕತ್ತಿ ನೋಡಿ, ಅಕ್ಷರ ನೋಡಬೇಡಿ. ಕತ್ತಿ ಹಿಂದಕ್ಕೆ ಎಳೆದು ನೇರ ಚುಚ್ಚಲು ಬಂದರೆ ಸರ್ಕಲ್ ಒತ್ತಿ. ಅದು ಮಿಕಿರಿ, ಅಂದರೆ ಚುಚ್ಚುವ ಕತ್ತಿಯನ್ನು ತುಳಿದು ತಡೆಯುವುದು, ಆ ಸ್ಕಿಲ್ ತೆಗೆದುಕೊಂಡಿದ್ದೀರಿ ತಾನೆ? ಕಾಲಿಗೆ ಬೀಸಿದರೆ ಹಾರಿ, ಅವನ ತಲೆ ಮೇಲೆ ಇನ್ನೊಮ್ಮೆ ಹಾರಿ. ಎರಡರಲ್ಲೂ ಅವನ ಪೋಸ್ಚರ್ (ತುಂಬಿದರೆ ಅವನ ಆಯ ತಪ್ಪುವ ಪಟ್ಟಿ) ಚೆನ್ನಾಗಿ ಏರುತ್ತದೆ. ಇನ್ನೊಂದು, ಅವನ ರಕ್ತ ಕಡಿಮೆ ಆದಷ್ಟೂ ಪೋಸ್ಚರ್ ಇಳಿಯುವುದು ನಿಧಾನವಾಗುತ್ತದೆ. ಹಾಗಾಗಿ ಶುರುವಿನಲ್ಲಿ ಬರೀ ತಡೆಯುತ್ತಾ ನಿಲ್ಲಬೇಡಿ, ಸಿಕ್ಕಾಗ ಎರಡೆರಡು ಏಟು ಹಾಕಿ. ದೂರ ಓಡಿದರೆ ಬಿಲ್ಲು ತೆಗೆಯುತ್ತಾನೆ. ಮೈಗೆ ಅಂಟಿಕೊಂಡೇ ಇರಿ.

ಮಿಂಚಿಗೆ ಹೆದರಬೇಡಿ. ಅವನು ಕತ್ತಿಗೆ ಮಿಂಚು ತಂದ ಕೂಡಲೇ ಹಾರಿ. ಗಾಳಿಯಲ್ಲಿ ಇದ್ದಾಗಲೇ ಮಿಂಚು ತಾಗಬೇಕು. ಕಾಲು ನೆಲಕ್ಕೆ ಮುಟ್ಟುವ ಮೊದಲು ಹೊಡೆಯುವ ಗುಂಡಿ ಆರ್1 ಒತ್ತಿದರೆ ಅದು ಅವನಿಗೇ ವಾಪಸ್. ನೆಲದ ಮೇಲೆ ನಿಂತು ತಿಂದರೆ ಮಾತ್ರ ಕಷ್ಟ. ನಿಜ ಹೇಳಬೇಕೆಂದರೆ ಮೂರನೇ ಸುತ್ತೇ ಎಲ್ಲಕ್ಕಿಂತ ಸುಲಭ.

ಮೈಸೂರು ಸೇವ್‌ಪಾಯಿಂಟ್:

ಸರ್, ಸೆಕಿರೊ ಬಗ್ಗೆ ಅವರು ಹೇಳಿದ್ದು ಸರಿ. ನಾನು ಡಿಫಿಕಲ್ಟಿ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ನಾನು ತುಂಬಾ ನೊಂದಿದ್ದೇನೆ.

ಎರಡು ವರ್ಷದಿಂದ ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಒಂದೇ ಗುಂಡಿಯನ್ನು ಪಟಪಟ ಒತ್ತಲು ಆಗುವುದಿಲ್ಲ. ಗೇಮ್ ಬಿಟ್ಟೇಬಿಡಬೇಕು ಅಂದುಕೊಂಡಿದ್ದೆ. ಆಗ ಬೆಟ್ಟ ಹತ್ತುವ ಗೇಮ್ ಸೆಲೆಸ್ಟ್ ಆಡಿದೆ. ಅದರ ಅಸಿಸ್ಟ್ ಮೋಡ್‌ನಲ್ಲಿ ಗೇಮ್‌ನ ವೇಗವನ್ನು ನೂರರಿಂದ ಐವತ್ತರವರೆಗೆ ಹತ್ತತ್ತಾಗಿ ಇಳಿಸಬಹುದು. ಎಂಬತ್ತಕ್ಕೆ ಇಟ್ಟು ಬೆಟ್ಟದ ತುದಿ ಮುಟ್ಟಿದೆ. ಆ ದಿನ ಅತ್ತಿದ್ದೇನೆ ಸರ್. ಆಮೇಲೆ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2. ಅದರಲ್ಲಿ ಶತ್ರುಗಳು, ಜೊತೆಗಾರರು, ಅಡಗಿ ಹೋಗುವುದು, ಸಾಮಾನು ಸಿಗುವುದು, ಒಂದೊಂದಕ್ಕೂ ಬೇರೆ ಬೇರೆ ಮಟ್ಟ ಇಡಬಹುದು. ನಾನು ಹೊಡೆದಾಟ ಇಳಿಸಿ, ಸಾಮಾನು ಸಿಗುವುದನ್ನು ಕಷ್ಟಕ್ಕೇ ಇಟ್ಟೆ. ಒಂದೊಂದು ಗುಂಡನ್ನೂ ಲೆಕ್ಕ ಹಾಕಿ ಬಳಸುವುದು ನನಗೆ ಇಷ್ಟ. ಈಸಿ, ಹಾರ್ಡ್ ಅಂತ ಎರಡೇ ಬಾಗಿಲು ಇರಬೇಕಿಲ್ಲ ಅಲ್ವಾ?

ನೀವು ಕಾಂಟ್ರಾ ಹೆಸರು ತೆಗೆದಿರಿ. ಅದರ ಅಮೆರಿಕದ ಕ್ಯಾಸೆಟ್‌ನಲ್ಲಿ 30 ಜೀವ ಕೊಡುತ್ತಿದ್ದ ಕೋನಾಮಿ ಕೋಡ್ (ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತುವ ಗುಟ್ಟು) ಹುಟ್ಟಿದ್ದು ಹೇಗೆ ಗೊತ್ತಾ? ಕಾಜುಹಿಸಾ ಹಾಶಿಮೊಟೊ ಗ್ರಾಡಿಯಸ್ ಗೇಮ್ ಅನ್ನು ಮನೆಯ ಕನ್ಸೋಲ್‌ಗೆ ತರುತ್ತಿದ್ದರು, 1986ರಲ್ಲಿ ಬಂತು ಅದು. ಪರೀಕ್ಷೆಗೆಂದು ಆಡಲು ಹೋದರೆ ಗೇಮ್ ಅವರಿಗೇ ವಿಪರೀತ ಕಷ್ಟ. ಅದಕ್ಕೇ ಆ ಕೋಡ್ ಹಾಕಿಕೊಂಡರು. ಮಾಡಿದವರೇ ಸುಲಭ ಮಾಡಿಕೊಂಡರು ಅಂದಮೇಲೆ ನಾವು ಮಾಡಿಕೊಂಡರೆ ತಪ್ಪೇನು?

ಕಾರವಾರ ಕನ್ಸೋಲ್:

ನಾನೂ ಕರಾವಳಿಯವನೇ, ಡಿಸ್ಕ್ ವಿಷಯಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಬಾಕ್ಸ್ ತೆಗೆದು ನೋಡಿದ್ದೀರಾ? ನನ್ನ ಹಳೆಯ ಪಿಎಸ್2 ಡಿಸ್ಕ್‌ಗಳ ಮೇಲೆ ಬಿಳಿ ಬೂಸು ಚುಕ್ಕೆಚುಕ್ಕೆಯಾಗಿ ಕೂತಿತ್ತು. ಹನ್ನೆರಡು ಹಾಳಾದವು. ಅದರಲ್ಲಿ ನನ್ನ ಅಣ್ಣ ದುಬೈನಿಂದ ತಂದುಕೊಟ್ಟ ಮೂರು ಇದ್ದವು, ಅವನ್ನು ಇನ್ನೂ ಬಿಸಾಡಿಲ್ಲ.

ನಿಮ್ಮ ಅಂಗಡಿಗೆ ಬರುವ ಮಾತ್ರೆ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರುತ್ತದಲ್ಲ, ಖಾಲಿ ಡಬ್ಬಿಯಿಂದ ತೆಗೆದು ಶೋಕೇಸ್‌ನಲ್ಲಿಡಿ. ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಬೇಡಿ. ಅಡ್ಡ ಗೀರು ಬಿದ್ದರೆ ಪ್ಲೇಯರ್ ಸರಿಪಡಿಸಿಕೊಂಡು ಓದುತ್ತದೆ. ಟ್ರ್ಯಾಕ್‌ನ ಉದ್ದಕ್ಕೇ ಗೀರು ಬಿದ್ದರೆ ಕಷ್ಟ. ಪ್ಲಾಸ್ಟಿಕ್ ಹರಿಯದ ಆ ಆರನ್ನೂ ಈಗಲೇ ಒಂದೊಂದಾಗಿ ಹಾಕಿ ನೋಡಿ. ಓದದಿದ್ದರೆ ಅಂಗಡಿಯವನು ಒಂದು ವರ್ಷ ಬಿಟ್ಟು ವಾಪಸ್ ತೆಗೆದುಕೊಳ್ಳುವುದಿಲ್ಲ.

ಹೊಸದು ಕೊಳ್ಳುವ ಬಗ್ಗೆ ನನ್ನದು ಒಂದೇ ಪದ್ಧತಿ. ಕೆಳಗಿನ ಸಾಲಿನಿಂದ ಎರಡು ಮೇಲೆ ಹೋದರೆ ಮಾತ್ರ ಹೊಸದೊಂದು ಮನೆಗೆ.

ಕುಂದಾಪುರ ಪ್ಲೇಯರ್:

ಹನ್ನೊಂದು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೊನ್ನೆ ಗುರುವಾರ ರಾತ್ರಿ 11.40ಕ್ಕೆ ಗೆನಿಚಿರೊ ಬಿದ್ದ!

ಹನ್ಬೆ ಹತ್ತಿರ ದಿನಾ ಹತ್ತು ನಿಮಿಷ ಆಡಿದ್ದು ನಿಜಕ್ಕೂ ಕೆಲಸ ಮಾಡಿತು. ನಾನು ಇಷ್ಟು ದಿನ ಗಾಬರಿಯಲ್ಲಿ ತಡೆಯುವ ಗುಂಡಿ ಎಲ್1 ಒತ್ತಿ ಹಿಡಿಯುತ್ತಿದ್ದೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದಾಗ ಕತ್ತಿಗೆ ಕತ್ತಿ ತಾಗುವ ಆ ಟಣ್ ಟಣ್ ಹೆಡ್‌ಫೋನ್‌ನಲ್ಲಿ ಚೆಂಡೆಯ ಲೆಕ್ಕದಲ್ಲಿ ಬರಲು ಶುರುವಾಯಿತು. ಯಕ್ಷಗಾನ ನೋಡಿ ಬೆಳೆದ ಕಿವಿ, ತಾಳ ಸಿಕ್ಕಿದ ಮೇಲೆ ಕೈ ತಾನಾಗಿ ಹೋಯಿತು. ಮಿಂಚು ಬಂದಾಗ ಹಾರಿದೆ, ಕಂಟ್ರೋಲರ್ ಗಡಗಡ ಅಂತು, ಆರ್1 ಒತ್ತಿದೆ. ಅವನು ಇಡೀ ಮೈ ಸೆಟೆದು ನಿಂತ. ಮುಗಿದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದು, ಏನೂ ಆಡದೆ ಹನ್ನೆರಡರವರೆಗೆ ಕೂತಿದ್ದೆ.

ಮೈಸೂರಿನ ಮೇಡಂ, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ಇನ್ನು ಮುಂದೆ ಕಥೆಗೆಂದು ಹಾಕುವ ಗೇಮ್ ನಾರ್ಮಲ್‌ನಲ್ಲಿ, ಬೇಕೆನಿಸಿದರೆ ಈಸಿಯಲ್ಲಿ. ಕತ್ತಿ ಕಲಿಯಲು ಹಾಕುವ ಗೇಮ್‌ಗೆ ಎಷ್ಟು ತಿಂಗಳಾದರೂ ಸರಿ. ಕೈಗೆ ಒಮ್ಮೆ ಮೂಳೆ ಡಾಕ್ಟರಿಗೆ ತೋರಿಸಿ, ಬರೀ ಮುಲಾಮು ಹಚ್ಚಿಕೊಂಡು ಸುಮ್ಮನಿರಬೇಡಿ.

ಕಾರವಾರದವರೇ, ಆರೂ ಡಿಸ್ಕ್ ಹಾಕಿ ನೋಡಿದೆ. ಐದು ಓದಿದವು, ಒಂದು ಓದಲಿಲ್ಲ. ಬಿಲ್ ಹುಡುಕುತ್ತಿದ್ದೇನೆ. ಪೊಟ್ಟಣಗಳನ್ನು ಇಟ್ಟಾಗಿದೆ.

ಮುಗಿಸಿದ ಸಾಲಿನಲ್ಲಿ ಇನ್ನೊಮ್ಮೆ ಆಡುವ ಯೋಚನೆ ಇಲ್ಲದ ಗೇಮ್‌ಗಳು ಹದಿನೈದಾದರೂ ಇವೆ. ಉಡುಪಿ, ಬೈಂದೂರು ಕಡೆಯವರು ಯಾರಾದರೂ ಅದಲು ಬದಲು ಮಾಡಿಕೊಳ್ಳುವುದಾದರೆ ಇಲ್ಲೇ ಹೇಳಿ, ಪಟ್ಟಿ ಹಾಕುತ್ತೇನೆ.